ಕೇರೋದು ಬೇರೆ, ಒನೆಯೋದು ಬೇರೆ

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಅಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ರಾಗಿ ಹಸನು ಮಾಡುತ್ತಿದ್ದಳು. ನಮ್ಮದು ಮಾಗಡಿ ಕಡೆಯ ಒಂದು ಹಳ್ಳಿ. ಮನೆಯಲ್ಲಿ ಇನ್ನೂ ಎರಡು ಮೊರ ಇವೆ, ಮೆಂತ್ಯದ ಹಿಟ್ಟೂ ಕಾಗದವೂ ಸೇರಿಸಿ ಮೆತ್ತಿದ ಬಿದಿರಿನ ಮೊರ. ಒಂದನ್ನು ತಗೊಂಡು ನಾನೂ ಪಕ್ಕಕ್ಕೆ ಕೂತೆ. ಸ್ವಲ್ಪ ಹೊತ್ತು ನೋಡಿದ ಅಮ್ಮ, "ಕೇರಿದ್ದು ಸಾಕು, ಇನ್ನ ಒನಿ" ಅಂದಳು.

ಕೇರುವುದು ಗೊತ್ತಿತ್ತು. ಒನೆಯುವುದು ಕಿವಿಗೆ ಬಿದ್ದಿತ್ತು, ಕೈಗೆ ಬಂದಿರಲಿಲ್ಲ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಅಮ್ಮ ನನ್ನ ಕೈಯಿಂದ ಮೊರ ತಗೊಂಡು ತೋರಿಸಿದಳು. ಕೇರುವಾಗ ಮೊರದ ಮುಂದಿನ ಅಂಚು ಮೇಲಕ್ಕೆ ಚಿಮ್ಮುತ್ತದೆ. ಕಾಳು ಒಂದು ಗೇಣು ಎದ್ದು ಮತ್ತೆ ಮೊರಕ್ಕೇ ಬೀಳುತ್ತದೆ, ಹೊಟ್ಟು ಮಾತ್ರ ಆಚೆ ಹಾರುತ್ತದೆ. ಟಪ್ ಟಪ್ ಅಂತ ಸದ್ದು. ಒನೆಯುವಾಗ ಮೊರ ಮೇಲೇಳುವುದೇ ಇಲ್ಲ. ಮಟ್ಟಸವಾಗಿ ಹಿಡಿದು, ಮಗುವನ್ನು ತೂಗಿದ ಹಾಗೆ ಅತ್ತಿತ್ತ ಆಡಿಸುತ್ತಾ ಹೋಗಬೇಕು. ಸದ್ದು ಸರ್ರ್ ಸರ್ರ್ ಅಂತ ಬರುತ್ತದೆ. ನೋಡನೋಡುತ್ತಿದ್ದ ಹಾಗೆ ಕಲ್ಲೆಲ್ಲ ಒಂದು ಕಡೆಗೆ, ಕಾಳೆಲ್ಲ ಇನ್ನೊಂದು ಕಡೆಗೆ ಸರಿದುಕೊಳ್ಳುತ್ತವೆ. ಕೇರಿದರೆ ಹಗುರವಾದದ್ದು ಹೋಗುತ್ತದೆ, ಒನೆದರೆ ಭಾರವಾದದ್ದು ಹೋಗುತ್ತದೆ. ಇನ್ನು ತೂರುವುದು ಕಣದ ಕೆಲಸ. ಗಾಳಿ ಬೀಸುವ ಹೊತ್ತು ಕಾದು, ಮೊರವನ್ನು ತಲೆಗಿಂತ ಮೇಲೆ ಎತ್ತಿ ಕಾಳನ್ನು ಸಣ್ಣಗೆ ಸುರಿಯಬೇಕು.

ಒಂದು ಮೊರ, ಮೂರು ಕ್ರಿಯಾಪದ. ಅವತ್ತು ರಾತ್ರಿ ನನ್ನ ನೋಟ್‌ಬುಕ್ಕಿನಲ್ಲಿ ಮೂರನ್ನೂ ಬರೆದುಕೊಂಡೆ. "ಇದನ್ನೆಲ್ಲ ಯಾಕೆ ಬರ್ಕೊಳ್ತೀಯ ತಾಯಿ, ಯಾರಿಗೆ ಗೊತ್ತಿಲ್ಲ ಇದು?" ಅಂತ ಅಮ್ಮನಿಗೆ ಆಶ್ಚರ್ಯ.

ಈ ನೋಟ್‌ಬುಕ್ಕಿನ ಚಟ ಕಾಲೇಜಿನ ದಿನಗಳದ್ದು. ಆಗ ಅಪರೂಪದ ಪದ ಅಂದರೆ ನನ್ನ ಮಟ್ಟಿಗೆ ನಾಲಿಗೆ ತುಂಬುವಂಥ ಪದ. ಕಿಂಕರ್ತವ್ಯಮೂಢ, ಅರಣ್ಯರೋದನ, ಅಜಗಜಾಂತರ. ಇವತ್ತಿಗೂ ಅವುಗಳ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. 'ಕಾಕತಾಳೀಯ' ಅನ್ನುವ ಪದವನ್ನೇ ನೋಡಿ. ಕಾಗೆ ಬಂದು ಕೂತಿತು, ಅದೇ ಗಳಿಗೆಗೆ ತಾಳೆಯ ಹಣ್ಣು ಬಿತ್ತು. ಒಂದು ಕಥೆ, ಅದರ ಮೇಲೊಂದು ತರ್ಕ, ಎರಡೂ ಐದು ಅಕ್ಷರದಲ್ಲಿ ಮಡಚಿ ಕೂತಿವೆ. ಅಪ್ಪ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣವನ್ನು ಕತ್ತರಿಸಿ ಒಂದು ಫೈಲಿನಲ್ಲಿ ಹಾಕಿಡುತ್ತಿದ್ದರು. ಓದುಗರು ಒಂದೊಂದು ಪದದ ಬಗ್ಗೆ ಕೇಳುವುದು, ಜಿ. ವೆಂಕಟಸುಬ್ಬಯ್ಯನವರು ಉತ್ತರ ಕೊಡುವುದು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನ ಹಿಂದೆ ದುಡಿದ ಮನುಷ್ಯ, ಯಾರೋ ಒಬ್ಬ ಓದುಗನ ಒಂದು ಪದದ ಅನುಮಾನಕ್ಕೆ ಅಷ್ಟೇ ಶ್ರದ್ಧೆಯಿಂದ ಕೂತು ಬರೆಯುತ್ತಿದ್ದರು. 2021ರಲ್ಲಿ, 107ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಆ ಫೈಲನ್ನು ತೆಗೆದು ಒಂದೊಂದೇ ಚೂರು ಓದುತ್ತಾ ಕೂತಿದ್ದೆ. ಮನೆಯ ಹಿರಿಯರೊಬ್ಬರು ಹೋದ ಹಾಗಿತ್ತು.

ಅಪ್ಪನೇ ನನಗೆ ಕಿಟ್ಟೆಲ್ ನಿಘಂಟನ್ನು ತೋರಿಸಿದ್ದು, ಪೇಟೆಯ ಗ್ರಂಥಾಲಯದಲ್ಲಿ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಜರ್ಮನಿಯಿಂದ 1853ರಲ್ಲಿ ಇಲ್ಲಿಗೆ ಬಂದಾಗ ಅವರಿಗೆ 21 ವರ್ಷ. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಹತ್ತಿರ ಹತ್ತಿರ 70,000 ಪದ. ಒಂದು ಪದ ಹುಡುಕಲು ಹೋದವಳು ಇನ್ನೊಂದರಲ್ಲಿ ಸಿಕ್ಕಿಕೊಂಡು, ಅಲ್ಲಿಂದ ಮತ್ತೊಂದಕ್ಕೆ ಜಾರಿ, ಹೊರಟಿದ್ದೆಲ್ಲಿಗೆ ಅನ್ನುವುದೇ ಮರೆತುಹೋಗುವ ಸುಖ ನನಗೆ ಮೊದಲು ಸಿಕ್ಕಿದ್ದು ಅಲ್ಲಿ. ಹಳಗನ್ನಡ ಕಾವ್ಯದ ಪದದ ಪಕ್ಕದಲ್ಲೇ ಸಂತೆಯ ಪದ, ಅದರ ಕೆಳಗೊಂದು ಗಾದೆ. ಗಾದೆಗಳು ಪುಸ್ತಕ ಓದಿದರಷ್ಟೇ ಸಿಗುವಂಥವಲ್ಲ. ಹೊಲದ ಬದುವಿನಲ್ಲಿ ನಿಂತು, ಮನೆಯ ಜಗುಲಿಯಲ್ಲಿ ಕೂತು ಆಡುವ ಜನರ ಬಾಯಿಂದ ಬರಬೇಕು. ಈಗ ವಿ. ಕೃಷ್ಣ ಅವರ 'ಅಲರ್' ನಿಘಂಟು ಮೊಬೈಲಿನಲ್ಲೇ ಸಿಗುತ್ತದೆ, 1.5 ಲಕ್ಷಕ್ಕೂ ಹೆಚ್ಚು ಪದಗಳೊಂದಿಗೆ. ಅಲರ್ ಅಂದರೆ ಅರಳು, ಹೂವು. ನಿಘಂಟಿಗೆ ಅದಕ್ಕಿಂತ ಚೆಂದದ ಹೆಸರು ನಾನು ಕೇಳಿಲ್ಲ. ಬಸ್ಸಿನಲ್ಲಿ ನಿಂತಲ್ಲೇ ತೆರೆದು ನೋಡುತ್ತೇನೆ.

ಆದರೂ ಮೊರದ ಮುಂದೆ ಕೂತ ಆ ಮಧ್ಯಾಹ್ನ ನನ್ನ ನೋಟ್‌ಬುಕ್ಕಿನ ದಿಕ್ಕನ್ನೇ ಬದಲಿಸಿತು. ಹುಡುಕಬೇಕಾದ್ದು ಇಲ್ಲೇ ಇದೆ, ದಿನಾ ಬಳಸುವ ಕೈಗಳ ಪಕ್ಕದಲ್ಲೇ, ಅನ್ನಿಸಿತು.

ಅಡುಗೆಮನೆಗೇ ಹೋಗಿ ನೋಡಿ. ತೆಂಗಿನಕಾಯಿ ತುರೀತೀವಿ, ಬದನೆಕಾಯಿ ಹೆಚ್ತೀವಿ, ಬಟಾಣಿ ಬಿಡಿಸ್ತೀವಿ, ಶುಂಠಿ ಜಜ್ಜುತೀವಿ, ಸೊಪ್ಪು ಸೋಸ್ತೀವಿ, ನೆನೆದ ಅವರೆಕಾಳು ಹಿತುಕ್ತೀವಿ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಅಡುಗೆಯೇ ಕೆಟ್ಟುಹೋಗುತ್ತದೆ. 'ಬಸಿ' ಅನ್ನುವ ಪುಟ್ಟ ಕ್ರಿಯಾಪದ ನನಗೆ ಬಹಳ ಇಷ್ಟ. ಬೆಂದ ಅನ್ನದ ಗಂಜಿಯನ್ನು, ಬೆಂದ ಸೊಪ್ಪಿನ ಕಟ್ಟನ್ನು ಪಾತ್ರೆ ಬಾಗಿಸಿ ಇಳಿಸಿಕೊಳ್ಳುವುದು ಬಸಿಯುವುದು. ಕುಕ್ಕರ್ ಬಂದ ಮೇಲೆ ಪೇಟೆಯಲ್ಲಿ ಅನ್ನ ಬಸಿಯುವವರು ಕಡಿಮೆ. ಆದರೆ ಸೊಪ್ಪು, ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು ಮಾಡಿ ಅದನ್ನು ಬಸ್ಸಾರು ಅನ್ನುತ್ತೇವಲ್ಲ, ಆ ಕ್ರಿಯಾಪದ ಅಲ್ಲಿ ಹೋಗಿ ಬೆಚ್ಚಗೆ ಕೂತಿದೆ. ಮಸೆದ ಸೊಪ್ಪು ಮಸ್ಸೊಪ್ಪು ಆದ ಹಾಗೆ. ಬೆಂಗಳೂರಿನ ಮುದ್ದೆ ಹೋಟೆಲಿನ ಬೋರ್ಡಿನ ಮೇಲೆ 'ಬಸ್ಸಾರು' ಅಂತ ಕಂಡರೆ ನನಗೆ ಹಸಿವಿನ ಜೊತೆಗೆ ಇನ್ನೊಂದು ಖುಷಿಯೂ ಆಗುತ್ತದೆ.

ಅವರೆ ಅಂದೆನಲ್ಲ, ಅದರ ಜೊತೆಗೇ ಬರುವ ಪದ ಸೊಗಡು. ಪುಷ್ಯ ಮಾಸದ ಚಳಿಯಲ್ಲಿ ನಮ್ಮ ಕಡೆ ಸಂತೆಗೆ ಮೂಟೆಗಟ್ಟಲೆ ಅವರೆಕಾಯಿ ಬರುತ್ತದೆ. ಕೊಳ್ಳುವವರು ಕಾಯಿಯ ಬಣ್ಣ ನೋಡುವುದಿಲ್ಲ, ಒಂದು ಹಿಡಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಅಂತ ನಮ್ಮೂರಿನವರ ಮಾತು. ಕಾಯಿಯ ಮೈಮೇಲೆ ಒಂದು ಥರದ ಜಿಡ್ಡು, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಒಂದು ಮೊರದಷ್ಟು ಕಾಯಿ ಬಿಡಿಸುವ ಹೊತ್ತಿಗೆ ಉಗುರಿನ ಸಂದಿ ಕಪ್ಪಾಗಿರುತ್ತದೆ. ಸೋಪು ಹಾಕಿ ತೊಳೆದರೂ ರಾತ್ರಿ ಮಲಗುವಾಗ ಕೈ ಮೂಗಿನ ಹತ್ತಿರ ಬಂದರೆ ಅದೇ ಘಾಟು, ಅದೇ ಹಸಿ ಪರಿಮಳ. ಚೆನ್ನಾಗಿದೆ ಅಂತಲೂ ಅನ್ನಲಾಗದ, ಬೇಡ ಅಂತಲೂ ಅನ್ನಲಾಗದ, ಆದರೆ ಒಮ್ಮೆ ಗೊತ್ತಾದರೆ ಜನ್ಮಕ್ಕೆ ಮರೆಯದ ವಾಸನೆ ಅದು.

ಪತ್ರಿಕೆಗಳಲ್ಲಿ 'ಗ್ರಾಮೀಣ ಸೊಗಡು', 'ಭಾಷೆಯ ಸೊಗಡು' ಅಂತ ಬರೆಯುತ್ತಾರೆ. ಬರೆದೂ ಬರೆದೂ ಸವೆದುಹೋಗಿರುವ ಮಾತು. ಆದರೆ ಮೊದಲು ಆ ಮಾತನ್ನು ಭಾಷೆಗೆ ಹಚ್ಚಿದವರ ಕೈಗೆ ಖಂಡಿತ ಅವರೆಕಾಯಿಯ ಜಿಡ್ಡು ಅಂಟಿತ್ತು ಅಂತ ನನ್ನ ನಂಬಿಕೆ. ಭಾಷೆಯ ಬಗ್ಗೆ ಅಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ತೊಳೆದರೂ ಹೋಗದೆ ಬೆರಳಿನಲ್ಲಿ ಉಳಿಯುವಂಥದ್ದು.

ವಾಸನೆಗೆ ಕನ್ನಡದಲ್ಲಿ ಎಷ್ಟು ಪದ ಇವೆಯೋ ಎಣಿಸಿ ಮುಗಿಸಲು ನನ್ನ ಕೈಲಾಗಿಲ್ಲ. ಹಳೆಯ ಎಣ್ಣೆಗೆ ಕಮಟು, ಮಳೆಗಾಲದ ಅಕ್ಕಿಗೆ ಮುಗ್ಗಲು, ತಳ ಹಿಡಿದ ಹಾಲಿಗೆ ಸೀದ ವಾಸನೆ, ಒಗ್ಗರಣೆಗೆ ಘಮ, ಮಲ್ಲಿಗೆಗೆ ಕಂಪು. ಮೂಗು ಒಂದೇ ಆದರೂ ನಾಲಿಗೆ ಅದಕ್ಕೆ ಇಷ್ಟು ಬಾಗಿಲು ಮಾಡಿಕೊಟ್ಟಿದೆ.

ಹೊಸ ಪದಗಳ ಬಗ್ಗೆಯೂ ನನಗೆ ಇಷ್ಟೇ ಮೋಹ. ಕನ್ನಡದ ಪ್ರೀತಿ ಅಂದ ಕೂಡಲೇ ಇಂಗ್ಲಿಷ್ ಪದಗಳನ್ನು ಆಚೆ ಹಾಕುವ ಮಾತು ಬರುತ್ತದೆ. ನನಗೆ ಅದು ಒಪ್ಪಿಗೆಯಾಗಲಿಲ್ಲ, ಅದಕ್ಕೆ ಕಾರಣ ನಮ್ಮೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಒಬ್ಬ ಅಜ್ಜಿ. ಶಾಲೆಯ ಮುಖ ಕಾಣದ ಜೀವ. ಮೊಮ್ಮಗ ಫೋನ್ ಮಾಡಲಿಲ್ಲ ಅಂತ ಬೇಸರ ಮಾಡಿಕೊಂಡು, "ಅವನ ಸಿಮ್ಮು ಕೆಟ್ಟೋಗೈತಂತೆ, ಬರೀ ರೀಲು ನೋಡ್ತಾನೆ" ಅಂದರು.

ಸಿಮ್ಮು, ರೀಲು. ಒಂದರಲ್ಲಿ ಮ ಒತ್ತಾಯಿತು, ಇನ್ನೊಂದರಲ್ಲಿ ಲ ಒತ್ತಾಗಲಿಲ್ಲ. ಯಾಕೆ? ಅಜ್ಜಿಗೆ ಯಾರು ಹೇಳಿಕೊಟ್ಟರು?

ಹಳಗನ್ನಡದಲ್ಲಿ ಕಲ್, ಕಣ್, ಮುಳ್, ಪುಲ್ ಅಂತ ವ್ಯಂಜನದಲ್ಲೇ ನಿಲ್ಲುತ್ತಿದ್ದ ಪದಗಳು ನಡುಗನ್ನಡದ ಹೊತ್ತಿಗೆ ಕೊನೆಗೊಂದು ಉಕಾರ ಸೇರಿಸಿಕೊಂಡು ಕಲ್ಲು, ಕಣ್ಣು, ಮುಳ್ಳು, ಹುಲ್ಲು ಆದವು. ಕಾಲ್, ನೀರ್, ಊರ್, ಜೇನ್ ಮಾತ್ರ ಒತ್ತಿಲ್ಲದೆ ಕಾಲು, ನೀರು, ಊರು, ಜೇನು ಆದವು. ಒಂದೇ ಸ್ವರದ ಪುಟ್ಟ ಪದದಲ್ಲಿ ಆ ಸ್ವರ ಹ್ರಸ್ವವಾಗಿದ್ದರೆ ಒತ್ತು ಬರುತ್ತದೆ, ದೀರ್ಘವಾಗಿದ್ದರೆ ಬರುವುದಿಲ್ಲ. ಇಂಗ್ಲಿಷಿನಿಂದ ಬಂದ ಬಸ್ ಬಸ್ಸಾಗಿದ್ದು, ಕಾರ್ ಕಾರಾಗಿಯೇ ಉಳಿದದ್ದು ಇದೇ ಲೆಕ್ಕದಲ್ಲಿ. ಪೆನ್ನು, ಬುಕ್ಕು, ಬೆಲ್ಲು, ನೆಟ್ಟು ಒಂದು ಸಾಲು. ರೋಡು, ಗೇಟು, ರೈಲು, ಸ್ಕೂಲು ಇನ್ನೊಂದು ಸಾಲು. ಶತಮಾನಗಳ ಹಿಂದೆ ಕಲ್ಲನ್ನು ಕಡೆದ ಅದೇ ಉಳಿ ಇವತ್ತು ಸಿಮ್ಮನ್ನೂ ಕಡೆಯುತ್ತಿದೆ, ಹಿಡಿದ ಕೈ ಆ ಅಜ್ಜಿಯದು. ರಾಮ ಮುರಿದ ಬಿಲ್ಲೂ ಹೋಟೆಲಿನಲ್ಲಿ ಕಟ್ಟುವ ಬಿಲ್ಲೂ ಒಂದೇ ಅಚ್ಚಿನಿಂದ ಇಳಿದು ಒಂದೇ ರೂಪಕ್ಕೆ ಬಂದು ನಿಂತಿವೆ. ಮುಂಗಾರಿನ 'ಕಾರು' ಮತ್ತು ರಸ್ತೆಯ ಮೇಲಿನ ಕಾರು ಕೂಡ ಹಾಗೇ. ಇದು ಹೊಳೆದ ದಿನ ಬಸ್ ಇಳಿಯುವುದು ಮರೆತು ಮುಂದಿನ ಸ್ಟಾಪಿಗೆ ಹೋಗಿಬಿಟ್ಟೆ.

ಹೀಗೆ ಭಾಷೆಯ ಒಳಗೆ ಕೂತಿರುವ ಅಚ್ಚು ಕಣ್ಣಿಗೆ ಬಿದ್ದಾಗ ಆಗುವ ಸಂತೋಷ, ಯಾವ ಅಪರೂಪದ ಪದ ಸಿಕ್ಕಿದ್ದಕ್ಕೂ ಕಡಿಮೆಯಲ್ಲ. ಅಣ್ಣನ ಮಗಳಿಗೆ ನಾಲ್ಕು ವರ್ಷವಿದ್ದಾಗ ಒಂದು ದಿನ ಆಟದ ಸಾಮಾನಿನ ಬುಟ್ಟಿಯಲ್ಲಿ ಏನನ್ನೋ ಹುಡುಕುತ್ತಿದ್ದಳು. "ಎಲ್ಲಿದೆ ಪುಟ್ಟಿ?" ಅಂದೆ. "ಅತ್ತೆ, ಅದು ಕೆಟ್ಟಕೆಳಗೆ ಇದೆ!" ಅಂದಳು.

ಮನೆಯವರೆಲ್ಲ ನಕ್ಕರು. ನನಗೆ ಮೈ ಜುಮ್ಮೆಂದಿತು. ನಡು ನಟ್ಟನಡು ಆಗುತ್ತದೆ, ಕಡೆ ಕಟ್ಟಕಡೆ, ಬಯಲು ಬಟ್ಟಬಯಲು. ತುದಿ ತುತ್ತತುದಿ, ಮೊದಲು ಮೊತ್ತಮೊದಲು, ಹೊಸದು ಹೊಚ್ಚಹೊಸದು. ಮೊದಲ ಅಕ್ಷರವನ್ನು ಎರವಲು ತಗೊಂಡು ಅದರ ಹಿಂದೆ ಒಂದು ಒತ್ತಕ್ಷರ ಜೋಡಿಸಬೇಕು. ಆ ಒತ್ತು ಯಾವುದು ಅನ್ನುವುದಕ್ಕೂ ಬಹುಮಟ್ಟಿಗೆ ಒಂದು ಹದವಿದೆ: ಪದದ ಒಳಗೆ ದ ಇದ್ದರೆ ತ್ತ, ಡ ಇದ್ದರೆ ಟ್ಟ, ಸ ಇದ್ದರೆ ಚ್ಚ. ನಾಲಿಗೆ ಮುಂದೆ ಎಲ್ಲಿಗೆ ಹೋಗಬೇಕೋ ಆ ಜಾಗದಲ್ಲೇ ಮೊದಲೊಮ್ಮೆ ಬಲವಾಗಿ ಊರಿ ನಿಲ್ಲುತ್ತದೆ. 'ಕೆಳಗೆ'ಯಲ್ಲಿ ಳ ಇದೆ, ಅದನ್ನು ಆಡಲು ನಾಲಿಗೆ ಹಿಂದಕ್ಕೆ ಮಡಚಬೇಕು. ಮಗು ಟ್ಟ ಹಾಕಿದ್ದು ಎಷ್ಟು ಸರಿ! ನಾನು ಯಾವ ನಿಘಂಟಿನಲ್ಲೂ ಕಾಣದ ಆ ಪದವನ್ನು ಅವಳು ಎಲ್ಲಿಂದಲೂ ಕೇಳಿರಲಿಲ್ಲ. ಆ ಕ್ಷಣದಲ್ಲಿ, ಬುಟ್ಟಿಯ ಮುಂದೆ ಕೂತು, ತಾನೇ ಎರಕ ಹೊಯ್ದಿದ್ದಳು. ನನ್ನ ನೋಟ್‌ಬುಕ್ಕಿನಲ್ಲಿ 'ಕೆಟ್ಟಕೆಳಗೆ'ಗೆ ಇಡೀ ಒಂದು ಪುಟ ಬಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಈಗ ಎಲ್ಲರೂ ಅದನ್ನು ಬಳಸುತ್ತೇವೆ. ಫ್ರಿಜ್ಜಿನ ಕೆಟ್ಟಕೆಳಗಿನ ಖಾನೆಯಲ್ಲಿ ಸೊಪ್ಪು.

ಹೋದದ್ದೂ ಇದೆ. ೞ ಅನ್ನುವ ಒಂದು ಅಕ್ಷರ ಕನ್ನಡದಲ್ಲಿತ್ತು, ತಮಿಳರು ಈಗಲೂ ತಮ್ಮ ಭಾಷೆಯ ಹೆಸರಿನ ಕೊನೆಗೆ ಆಡುವ ಧ್ವನಿ. ಅದು ಇದ್ದಾಗ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಮಳೆ ಮೞೆಯಾಗಿತ್ತು, ಬಾಳೆ ಬಾೞೆಯಾಗಿತ್ತು. ಱ ಕೂಡ ಹಾಗೆಯೇ ಹೋಯಿತು. ಅರಿ ಅಂದರೆ ಕತ್ತರಿಸು, ಅಱಿ ಅಂದರೆ ತಿಳಿ, ಎರಡಕ್ಕೂ ಕಿವಿಯಲ್ಲೇ ವ್ಯತ್ಯಾಸವಿತ್ತು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಯಾವ ಪದಕ್ಕೆ ಯಾವ ಳ ಅಂತ ವಿವರವಾಗಿ ಹೇಳಿದ್ದಾನೆ. ಆಡುವ ಬಾಯಲ್ಲಿ ಅದು ಜಾರುತ್ತಿದ್ದುದನ್ನು ಕೇಳಿಯೇ ಅಷ್ಟು ಮುತುವರ್ಜಿ ವಹಿಸಿದ್ದಿರಬೇಕು. ಚಿತ್ರದುರ್ಗದ ದಾರಿಯಲ್ಲಿ ಹೊಳಲ್ಕೆರೆ ಅನ್ನುವ ಬೋರ್ಡು ಕಂಡಾಗಲೆಲ್ಲ ನಾನು ಮನಸ್ಸಿನಲ್ಲೇ ಅದನ್ನು ಹಿಂದಕ್ಕೆ ಓದುತ್ತೇನೆ: ಪೊೞಲ್, ಪಟ್ಟಣ, ಕೆಱೆ, ಕೆರೆ. ಹೋದ ಎರಡೂ ಅಕ್ಷರಗಳು ಒಂದೇ ಊರಿನ ಹೆಸರಿನಲ್ಲಿ ಅಕ್ಕಪಕ್ಕ ಮಲಗಿವೆ. ಕಂಡಕ್ಟರ್ "ಹೊಳಲ್ಕೆರೆ, ಹೊಳಲ್ಕೆರೆ ಇಳೀರಿ" ಅಂತ ಕೂಗುತ್ತಾರೆ, ಬಸ್ಸು ಹೊರಡುತ್ತದೆ.

ತೀರ್ಥಹಳ್ಳಿಯ ಗೆಳತಿಯೊಬ್ಬಳು 'ಉಣಗೋಲು' ಕೊಟ್ಟಳು. ತೋಟದ ಬಾಯಿಗೆ ಅಡ್ಡಡ್ಡ ಬಿದಿರು ಗಳು ಹಾಕಿ, ಬೇಕಾದಾಗ ಸರಿಸುವಂಥ ಬಾಗಿಲು. ಗಾಳಿಗೆ ಓರೆಯಾಗಿ ಜಗುಲಿಯ ಒಳಗೆ ಬಂದು ಹೊಡೆಯುವ ಮಳೆಯ ಹನಿಗೆ 'ಎರಚಲು' ಅನ್ನುತ್ತೇವೆ ಅಂತಲೂ ಅಂದಳು. ಅದು ನಮ್ಮ ಕಡೆಯೂ ಇದೆ, ಆದರೆ ಮಲೆನಾಡಿನವರು ಆಡಿದಾಗ ಕೇಳುವವರಿಗೂ ಸ್ವಲ್ಪ ನೆನೆದ ಹಾಗಾಗುತ್ತದೆ. ಧಾರವಾಡದ ಸಹೋದ್ಯೋಗಿಯಿಂದ ಕಲಿತದ್ದು ಬೇರೆಯೇ ಒಂದು ನೋಟ್‌ಬುಕ್ಕು ಬೇಡುತ್ತದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಸಂಕ್ರಾಂತಿಯ ಆ ಮಧ್ಯಾಹ್ನಕ್ಕೇ ಮರಳುತ್ತೇನೆ. ರಾಗಿ ಒನೆಯುತ್ತಾ ಅಮ್ಮ ತನ್ನ ತವರಿನ ಮಾತಿಗೆ ಇಳಿದಳು. ಅಲ್ಲಿ ರಾಗಿಯನ್ನು ಮನೆಯೊಳಗೆ ಇಡುತ್ತಿರಲಿಲ್ಲವಂತೆ. ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ಒಳಗೆಲ್ಲ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚುತ್ತಿದ್ದರಂತೆ. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಒಳಗೆ ಇಳಿಯಬಾರದು, ಉಸಿರು ಕಟ್ಟುತ್ತದೆ, ಸ್ವಲ್ಪ ಹೊತ್ತು ಬಾಯಿ ತೆರೆದು ಬಿಡಬೇಕು. ಎಲ್ಲ ಹೇಳಿದಳು, ಗುಂಡಿಯ ಹೆಸರು ಮಾತ್ರ ಬರಲಿಲ್ಲ. "ನಾಲಗೆ ತುದೀಲೇ ಐತೆ ಕಣೆ" ಅಂದಳು. ಮೊರ ಕೆಳಗಿಟ್ಟು ಕಣ್ಣು ಮುಚ್ಚಿ ಕೂತಳು. ಬರಲಿಲ್ಲ. ಅವಳ ಮುಖ ಸಣ್ಣದಾಯಿತು. ನನಗೂ ಗೊತ್ತಿರಲಿಲ್ಲ, ಹೇಳಿಕೊಡಲು ಅಲ್ಲಿ ಇನ್ಯಾರೂ ಇರಲಿಲ್ಲ. ಮಾರನೆಯ ದಿನ ನಾನು ಬೆಂಗಳೂರಿಗೆ ಹೊರಟೆ.

ಹನ್ನೆರಡು ದಿನ ಆದ ಮೇಲೆ ಒಂದು ರಾತ್ರಿ ಫೋನು ಹೊಡೆದುಕೊಂಡಿತು. ಗಂಟೆ ಹನ್ನೆರಡಾಗಲು ಹತ್ತು ನಿಮಿಷ. ಅಮ್ಮನ ಹೆಸರು ಕಂಡು ಎದೆ ಧಸಕ್ಕೆಂದಿತು.

"ಏನಮ್ಮ, ಏನಾಯ್ತು?"

"ಹಗೇವು" ಅಂದಳು.

"ಏನು?"

"ಹಗೇವು ಕಣೆ, ಹಗೇವು. ರಾಗಿ ಗುಂಡಿ. ಮಲಗಿದ್ದೋಳಿಗೆ ದಿಗ್ಗನೆ ನೆನಪಾಯ್ತು. ಬೆಳಗ್ಗೆ ಹೊತ್ಗೆ ಮತ್ತೆ ಮರೆತೋದ್ರೆ?"

"ಇಷ್ಟು ಹೊತ್ತಲ್ಲಾ ಅಮ್ಮ?"

"ಸರೊತ್ತಾದ್ರೆ ಏನೀಗ? ಎದ್ದು ಬರ್ಕೊ."

ಲೈಟು ಹಾಕಿ ನೋಟ್‌ಬುಕ್ಕು ತೆಗೆದೆ. ಹಗೇವು ಅಂತ ಬರೆದು, ಅದರ ಕೆಳಗೆ, ಸರಿಹೊತ್ತು, ಸರೊತ್ತು, ನಡುರಾತ್ರಿ, ಅಂತಲೂ ಬರೆದುಕೊಂಡೆ.